ಐದು ಸಲ ಕಪ್ ಗೆದ್ದ ಕೋಚ್‌ಗೆ ಕೆಲಸ ಇಲ್ಲ: ಅಮೆರಿಕದ ಕಾಲೇಜು ಹುಡುಗಿಯರ ಐಸ್ ಹಾಕಿ

ಹಾಕಿ ಅಂದ ಕೂಡಲೇ ನಮ್ಮವರಿಗೆ ಕೊಡಗು ನೆನಪಾಗುತ್ತೆ. ಇವತ್ತು ನಾನು ಹೇಳೋದು ಬೇರೆ ಹಾಕಿ ಕಥೆ. ಇಲ್ಲಿ ಚೆಂಡಿಲ್ಲ, ರಬ್ಬರಿನ ಚಪ್ಪಟೆ ಬಿಲ್ಲೆ. ಮೈದಾನ ಇಲ್ಲ, ಮಂಜುಗಡ್ಡೆ. ನಿಮ್ಮಲ್ಲಿ ಆನ್‌ಸೈಟ್ ಅಂತ ಮಿನಿಯಾಪೊಲಿಸ್ ಕಡೆ ಹೋಗಿ ಬಂದವರಿಗೆ ಅಲ್ಲಿನವರ ಹುಚ್ಚು ಗೊತ್ತಿರುತ್ತೆ.

ಅಮೆರಿಕದ ಕಾಲೇಜು ಕ್ರೀಡೆ ನಡೆಸೋ ದೊಡ್ಡ ಸಂಸ್ಥೆ ಎನ್‌ಸಿಎಎ. ಅದು ಹುಡುಗರಿಗೆ ಐಸ್ ಹಾಕಿ ಚಾಂಪಿಯನ್‌ಶಿಪ್ ಶುರು ಮಾಡಿದ್ದು 1948ರಲ್ಲಿ. ಹುಡುಗಿಯರಿಗೆ? 2001ರಲ್ಲಿ. ನಡುವೆ 53 ವರ್ಷ. ಹುಡುಗಿಯರು ಆಡ್ತಿರಲಿಲ್ಲ ಅಂತಲ್ಲ. ಬ್ರೌನ್ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಪೆಂಬ್ರೋಕ್‌ನಲ್ಲಿ 1964ರಲ್ಲೇ ತಂಡ ಇತ್ತು.

1972ರಲ್ಲಿ ಟೈಟಲ್ ನೈನ್ ಅನ್ನೋ ಕಾನೂನು ಬಂತು. ಕೇಂದ್ರ ಸರ್ಕಾರದ ದುಡ್ಡು ತಗೊಳ್ಳೋ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡೋ ಹಾಗಿಲ್ಲ ಅಂತ ಅದರ ಸಾರ. ಮಜಾ ಏನಂದ್ರೆ, ಆ ವಾಕ್ಯದಲ್ಲಿ ಕ್ರೀಡೆ ಅನ್ನೋ ಪದವೇ ಇಲ್ಲ. ಆದರೂ ಕಾಲೇಜು ಕ್ರೀಡೆಯನ್ನ ಅಷ್ಟು ಬದಲಿಸಿದ ಕಾನೂನು ಇನ್ನೊಂದಿಲ್ಲ ಅಂತ ನನಗನ್ನಿಸುತ್ತೆ. ಐಸ್ ಹಾಕಿಗೆ ಮಾತ್ರ ಇನ್ನೊಂದು ತಳ್ಳು ಬೇಕಾಯ್ತು. ಅದು 1998ರ ನಾಗಾನೊ ಒಲಿಂಪಿಕ್ಸ್. ಮಹಿಳಾ ಐಸ್ ಹಾಕಿ ಅಲ್ಲಿ ಮೊದಲ ಸಲ ಬಂತು, ಅಮೆರಿಕ ಕೆನಡಾವನ್ನ 3-1ರಲ್ಲಿ ಸೋಲಿಸಿ ಚಿನ್ನ ಗೆದ್ದಿತು. ಅದೇ ವರ್ಷ ಒಲಿಂಪಿಕ್ ಸಮಿತಿಯ ಅನುದಾನದಲ್ಲಿ ಬೇರೊಂದು ಒಕ್ಕೂಟ ಕಾಲೇಜು ಹುಡುಗಿಯರ ರಾಷ್ಟ್ರೀಯ ಟೂರ್ನಿ ನಡೆಸಿತು. ಮೂರು ವರ್ಷ ಹಾಗೆ ನಡೆದ ಮೇಲೆ ಎನ್‌ಸಿಎಎ ಕೈಗೆತ್ತಿಕೊಂಡಿತು.

ನಾಗಾನೊದಲ್ಲಿ ಸೋತ ಕೆನಡಾ ತಂಡದ ಕೋಚ್ ಶಾನನ್ ಮಿಲ್ಲರ್. ಹಿಂದೆ ಕ್ಯಾಲ್ಗರಿಯಲ್ಲಿ ಪೊಲೀಸ್ ಆಗಿದ್ದವರು. ಆಮೇಲೆ ಅವರು ಬಂದದ್ದು ಮಿನ್ನೆಸೋಟಾ ರಾಜ್ಯದ ಡುಲುತ್ ಊರಿನ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಮಹಿಳಾ ತಂಡವೇ ಇರಲಿಲ್ಲ, ಸೊನ್ನೆಯಿಂದ ಕಟ್ಟಿದರು. ಸ್ವೀಡನ್, ಫಿನ್ಲೆಂಡಿನಿಂದೆಲ್ಲ ಹುಡುಗಿಯರನ್ನ ಕರೆತಂದರು. ತಂಡದ ಎರಡನೇ ಸೀಸನ್ನಿಗೇ, 2001ರಲ್ಲಿ, ಎನ್‌ಸಿಎಎಯ ಮೊದಲ ಕಪ್ ಡುಲುತ್‌ಗೆ. 2002, ಮತ್ತೆ ಕಪ್. 2003ರ ಫೈನಲ್ ಡುಲುತ್‌ನಲ್ಲೇ, ಎದುರಿಗೆ ಹಾರ್ವರ್ಡ್. ಹೆಚ್ಚುವರಿ ಸಮಯ ಮುಗಿದರೂ ತೀರ್ಮಾನ ಆಗಲಿಲ್ಲ. ಎರಡನೇ ಹೆಚ್ಚುವರಿ ಅವಧಿಯಲ್ಲಿ ನೋರಾ ಟಾಲ್ಲುಸ್ ಹೊಡೆದ ಗೋಲಿನಿಂದ 4-3. ಆಮೇಲೆ 2008, 2010. ಒಟ್ಟು ಐದು.

2014ರ ಡಿಸೆಂಬರ್‌ನಲ್ಲಿ, ಸೀಸನ್ ನಡೀತಿರುವಾಗಲೇ, ಮಿಲ್ಲರ್ ಗುತ್ತಿಗೆ ಮುಂದುವರಿಸಲ್ಲ ಅಂತ ವಿಶ್ವವಿದ್ಯಾಲಯ ಹೇಳಿತು. ಕಾರಣ: ಹಣಕಾಸು. ಐಟಿಯಲ್ಲಿರೋ ನಮಗೆ ಈ ಮಾತು ಹೊಸದಲ್ಲ ಬಿಡಿ. ಅವರ ಸಂಬಳ ವರ್ಷಕ್ಕೆ 2 ಲಕ್ಷ ಡಾಲರಿಗೂ ಹೆಚ್ಚಿತ್ತು, ನಿಜ. ಆದರೆ ಅದೇ ವಿಶ್ವವಿದ್ಯಾಲಯದ ಹುಡುಗರ ತಂಡ ಅಲ್ಲಿವರೆಗೆ ಗೆದ್ದಿದ್ದು ಒಂದೇ ಕಪ್, 2011ರಲ್ಲಿ. ಅದರ ಕೋಚ್ ಮುಂದುವರಿದರು. ಮಿಲ್ಲರ್ ಕೋರ್ಟಿಗೆ ಹೋದರು. 2018ರ ಮಾರ್ಚ್‌ನಲ್ಲಿ ಫೆಡರಲ್ ಜ್ಯೂರಿ ತೀರ್ಪು ಕೊಟ್ಟಿತು: ಹೆಣ್ಣು ಅನ್ನೋ ಕಾರಣಕ್ಕೆ ತಾರತಮ್ಯ ಆಗಿದೆ, ಟೈಟಲ್ ನೈನ್ ದೂರು ಎತ್ತಿದ್ದಕ್ಕೆ ಸೇಡೂ ತೀರಿಸಿಕೊಂಡಿದ್ದಾರೆ. ಪರಿಹಾರ 37 ಲಕ್ಷ ಡಾಲರಿಗೂ ಮೇಲೆ.

ಪಕ್ಕದ ನಾರ್ತ್ ಡಕೋಟಾದಲ್ಲಿ ಕೋಚ್ ಅಲ್ಲ, ತಂಡವೇ ಹೋಯ್ತು. ಮಿನ್ನೆಸೋಟಾ ವಿಶ್ವವಿದ್ಯಾಲಯದ ತಂಡ 2013ರಲ್ಲಿ 41 ಪಂದ್ಯಕ್ಕೆ 41 ಗೆದ್ದು ಕಪ್ ಎತ್ತಿತ್ತು. ಅವರ ಸತತ 62 ಗೆಲುವಿನ ಓಟಕ್ಕೆ ಆ ನವೆಂಬರ್‌ನಲ್ಲಿ ಬ್ರೇಕ್ ಹಾಕಿದ್ದು ಇದೇ ನಾರ್ತ್ ಡಕೋಟಾ. ರಾಜ್ಯದ ಬಜೆಟ್ ಕಡಿತ ಅಂತ 2017ರ ಮಾರ್ಚ್‌ನಲ್ಲಿ ಆ ತಂಡವನ್ನೇ ಮುಚ್ಚಿದರು. ಮರುವರ್ಷ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ವಿರುದ್ಧ ಸಮಬಲದ ಗೋಲು ಹೊಡೆದದ್ದು ಮೊನೀಕ್ ಲಾಮರೂ, ಶೂಟೌಟ್‌ನಲ್ಲಿ ಗೆಲುವಿನ ಗೋಲು ಜೋಸ್ಲಿನ್ ಲಾಮರೂ. ಅವಳಿ ಅಕ್ಕತಂಗಿಯರು, ಇಬ್ಬರೂ ಆ ಮುಚ್ಚಿದ ತಂಡದಲ್ಲಿ ಆಡಿ ಬೆಳೆದವರು. ನಾಗಾನೊ ಆದ ಮೇಲೆ ಅಮೆರಿಕಕ್ಕೆ ಅದೇ ಮೊದಲ ಚಿನ್ನ.

ಟೂರ್ನಿ ಕೂಡ ನಿಧಾನವಾಗೇ ಬೆಳೀತು. ಮೊದಲು ನಾಲ್ಕು ತಂಡ, 2005ರಿಂದ ಎಂಟು. 2021ರಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಆಟಗಾರ್ತಿಯೊಬ್ಬರು ಹುಡುಗರಿಗೆ ಕೊಟ್ಟ ಜಿಮ್ ಎಷ್ಟು, ಹುಡುಗಿಯರಿಗೆ ಎಷ್ಟು ಅಂತ ವಿಡಿಯೊ ಹಾಕಿದರು. ಗಲಾಟೆ ಆಯ್ತು, ಹೊರಗಿನ ವಕೀಲರಿಂದ ಪರಿಶೀಲನೆ ಆಯ್ತು. ಅದರ ಫಲವಾಗಿ 2022ರಲ್ಲಿ ಎಂಟು ಹನ್ನೊಂದಾಯ್ತು. ಹುಡುಗರಲ್ಲಿ ಹದಿನಾರು. ಇನ್ನೂ ಕಮ್ಮಿ ಅನ್ನಿಸಬಹುದು, ಆದರೆ ಲೆಕ್ಕ ಹಾಕಿ: ಹುಡುಗರ ತಂಡ ಸುಮಾರು 60, ಹುಡುಗಿಯರದು ಸುಮಾರು 40. ಎರಡೂ ಕಡೆ ಈಗ ನಾಲ್ಕರಲ್ಲೊಂದು ತಂಡಕ್ಕೆ ಸ್ವಲ್ಪ ಮೇಲೆ ಅವಕಾಶ. ಎಂಟಿದ್ದಾಗ ಹುಡುಗಿಯರಿಗೆ ಅದು ಐದರಲ್ಲೊಂದು ಇತ್ತು.

ಹನ್ನೊಂದು ತಂಡಗಳ ಆ ಮೊದಲ ಟೂರ್ನಿಯ ಫೈನಲ್‌ಗೆ ಡುಲುತ್ ಬಂದಿತ್ತು. ಓಹಾಯೊ ಸ್ಟೇಟ್ ಎದುರು 3-2ರಲ್ಲಿ ಸೋತಿತು.