ಪರದೆ ಮುದ್ರಣದಲ್ಲಿ ಬಂಡಾಯಗಾರರ ಮುಖಗಳು

ನೀವು ತೊಟ್ಟ ಟಿ-ಷರ್ಟಿನ ಎದೆಯ ಮೇಲೊಂದು ಚಿತ್ರವಿದ್ದರೆ, ಮನೆಗೆ ಬಂದ ಮದುವೆಯ ಕರೆಯೋಲೆಯನ್ನು ಬೆರಳಿನಿಂದ ಸವರಿದಾಗ ಅಕ್ಷರಗಳು ತುಸು ಮೇಲೆದ್ದಂತೆ ತೋರಿದರೆ, ಅದು ಬಹುಮಟ್ಟಿಗೆ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಪರದೆ ಮುದ್ರಣದಲ್ಲಿ ಅಚ್ಚಾದದ್ದು. ಸಣ್ಣ ಪಟ್ಟಣದ ಒಂದೇ ಕೋಣೆಯ ಅಂಗಡಿಯಲ್ಲೂ ನಡೆಯುವ ಈ ಕೆಲಸವನ್ನು ನಾವು ಕಲೆ ಎಂದು ಭಾವಿಸುವುದಿಲ್ಲ. ಆದರೆ ಇದೇ ವಿಧಾನದಲ್ಲಿ ಅಚ್ಚಾದ ಕೆಲವು ಮುಖಗಳನ್ನು ಅಮೆರಿಕ, ಇಂಗ್ಲೆಂಡುಗಳಲ್ಲಿ ಜನ ಚೌಕಟ್ಟು ಹಾಕಿಸಿ ಜೋಪಾನವಾಗಿ ಸಂಗ್ರಹಿಸುತ್ತಾರೆ. ಅವು ಪಂಕ್ ಸಂಗೀತಗಾರರ ಭಾವಚಿತ್ರಗಳು. ಅಂಥ ಚಿತ್ರದ ಕೆಳ ಅಂಚಿನಲ್ಲಿ ಕಲಾವಿದನ ಸಹಿಯ ಜೊತೆಗೆ 45/300 ಎಂಬಂಥ ಸಂಖ್ಯೆಯೊಂದು ಪೆನ್ಸಿಲ್ಲಿನಲ್ಲಿ ಬರೆದಿರುತ್ತದೆ. ಒಟ್ಟು 300 ಪ್ರತಿಗಳಲ್ಲಿ ಇದು 45ನೆಯದು ಎಂದರ್ಥ. ಈ ಮುನ್ನೂರು ಎಲ್ಲಿಂದ ಬಂತು? ಸಲಕರಣೆಯ ಮಿತಿಯಿಂದಲೋ, ಮನುಷ್ಯನ ತೀರ್ಮಾನದಿಂದಲೋ? ಉತ್ತರಕ್ಕಾಗಿ ಮೊದಲು ಆ ಪರದೆಯನ್ನೇ ನೋಡೋಣ.

ದಪ್ಪ ಕಾಗದದಲ್ಲಿ ಒಂದು ಆಕಾರವನ್ನು ಕತ್ತರಿಸಿ ತೆಗೆದು ಮೇಲೆ ಬಣ್ಣ ಬಳಿದರೆ ಕೆಳಗಿನ ಹಾಳೆಯಲ್ಲಿ ಆ ಆಕಾರ ಮೂಡುತ್ತದೆ. ಇದು ಸ್ಟೆನ್ಸಿಲ್. ಪುಡಿ ತುಂಬಿ ನೆಲಕ್ಕೆ ತಟ್ಟುವ ರಂಗೋಲಿಯ ತೂತಿನ ತಟ್ಟೆಯ ತತ್ತ್ವವೂ ಇದೇ. ಆದರೆ ಇದರಲ್ಲೊಂದು ತೊಡಕಿದೆ. 'ಠ' ಅಕ್ಷರವನ್ನು ಕತ್ತರಿಸಿ ನೋಡಿ. ಹೊರಗಿನ ಉಂಗುರವನ್ನು ತೆಗೆದೊಡನೆ ಒಳಗಿನ ಭಾಗ ಆಧಾರವಿಲ್ಲದೆ ಕಳಚಿ ಬೀಳುತ್ತದೆ. ಜಪಾನಿನ ಬಟ್ಟೆ ಮುದ್ರಕರು ಇಂಥ 'ದ್ವೀಪ'ಗಳನ್ನು ಕೂದಲು ಅಥವಾ ರೇಷ್ಮೆಯ ಎಳೆಗಳಿಂದ ಹಿಡಿದು ನಿಲ್ಲಿಸುತ್ತಿದ್ದರು. ಎಳೆ ತೆಳುವಾದದ್ದರಿಂದ ಬಣ್ಣ ಅದರ ಸುತ್ತ ಹರಿದು ಕೂಡಿಕೊಳ್ಳುತ್ತದೆ, ಗುರುತು ಉಳಿಯುವುದಿಲ್ಲ. ಕೆಲವು ಎಳೆಗಳ ಬದಲು ಇಡೀ ಸ್ಟೆನ್ಸಿಲನ್ನೇ ಚೌಕಟ್ಟಿಗೆ ಬಿಗಿದ ರೇಷ್ಮೆ ಬಟ್ಟೆಗೆ ಅಂಟಿಸಿದರೆ? ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆ ಪರದೆಯ ಮುದ್ರಣಕ್ಕೆ ಪೇಟೆಂಟ್ ಪಡೆದ.

ಕತ್ತರಿಯಿಂದ ಭಾವಚಿತ್ರದ ಸೂಕ್ಷ್ಮ ನೆರಳುಗಳನ್ನು ಕೊರೆಯುವುದು ಕಷ್ಟ. ಆ ಕೆಲಸವನ್ನು ಬೆಳಕಿಗೇ ಒಪ್ಪಿಸುವ ರಸಾಯನ ವಿಜ್ಞಾನ ಅದಕ್ಕೂ ಹಿಂದೆಯೇ ಸಿದ್ಧವಾಗಿತ್ತು. ಪೊಟ್ಯಾಸಿಯಮ್ ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿದ ಕಾಗದ ಬೆಳಕಿಗೆ ಸ್ಪಂದಿಸುತ್ತದೆ ಎಂಬುದನ್ನು 1839ರಲ್ಲಿ ಸ್ಕಾಟ್ಲೆಂಡಿನ ಮಂಗೋ ಪಾಂಟನ್ ತೋರಿಸಿದ್ದ. ಈ ಲವಣ ಬೆರೆತ ಜೆಲಟಿನ್ ಬೆಳಕು ಬಿದ್ದಲ್ಲಿ ಗಟ್ಟಿಯಾಗಿ ನೀರಿನಲ್ಲಿ ಕರಗದಂತಾಗುವ ಗುಣವನ್ನು ಫಾಕ್ಸ್ ಟಾಲ್ಬಟ್ 1852ರಲ್ಲಿ ಚಿತ್ರ ಮುದ್ರಣಕ್ಕೆ ಬಳಸಿಕೊಂಡ. ಇಲ್ಲಿ ಆಗುವುದಿಷ್ಟು: ಬೆಳಕಿನ ಶಕ್ತಿಯಿಂದ ಕ್ರೋಮಿಯಮ್ +6 ಉತ್ಕರ್ಷಣ ಸ್ಥಿತಿಯಿಂದ +3ಕ್ಕೆ ಇಳಿಯುತ್ತದೆ, ಹೀಗೆ ಅಪಕರ್ಷಣಗೊಂಡ ಕ್ರೋಮಿಯಮ್ ಜೆಲಟಿನ್ನಿನ ಪ್ರೋಟೀನ್ ಸರಪಳಿಗಳನ್ನು ಅಡ್ಡಡ್ಡವಾಗಿ ಬೆಸೆಯುತ್ತದೆ. ಇಂದು ರೇಷ್ಮೆಯ ಜಾಗದಲ್ಲಿ ಪಾಲಿಯೆಸ್ಟರ್ ಬಲೆ, ಡೈಕ್ರೋಮೇಟಿನ ಜಾಗದಲ್ಲಿ ಡೈಅಜೋ ಸಂಯುಕ್ತಗಳು ಬಂದಿವೆ. ಕ್ರಮ ಮಾತ್ರ ಅದೇ. ಬಲೆಗೆ ದ್ಯುತಿಸಂವೇದಿ ಲೇಪ ಹಚ್ಚಿ ಒಣಗಿಸಿ, ಅದರ ಮೇಲೆ ಕಪ್ಪು ಚಿತ್ರವಿರುವ ಪಾರದರ್ಶಕ ಹಾಳೆಯನ್ನಿಟ್ಟು ನೇರಳಾತೀತ ಕಿರಣ ಹಾಯಿಸುತ್ತಾರೆ. ಕಪ್ಪಿನ ಅಡಿಯ ಲೇಪ ಮೆತ್ತಗೇ ಉಳಿದು ನೀರಿಗೆ ತೊಳೆದುಹೋಗುತ್ತದೆ. ಉಳಿದದ್ದು ಗಟ್ಟಿಯಾಗಿ ಕಣ್ಣುಗಳನ್ನು ಮುಚ್ಚುತ್ತದೆ. ಈಗ ರಬ್ಬರ್ ಅಂಚಿನ ಹಲಗೆಯಿಂದ ಶಾಯಿಯನ್ನು ಎಳೆದರೆ ತೆರೆದ ಕಣ್ಣುಗಳಿಂದ ಅದು ಕಾಗದಕ್ಕಿಳಿಯುತ್ತದೆ. ಎರಡು ಬಣ್ಣ ಬೇಕಾದರೆ ಎರಡು ಪರದೆ, ಮೂರು ಬೇಕಾದರೆ ಮೂರು. ಈ ಲೆಕ್ಕವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಹುಕಾಲ ಇದು ಜಾಹೀರಾತು ಫಲಕದವರ ಕಸುಬಾಗಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕ ಸರ್ಕಾರ ನಿರುದ್ಯೋಗಿ ಕಲಾವಿದರಿಗೆ ಕೆಲಸ ಕೊಟ್ಟಾಗ, ನ್ಯೂಯಾರ್ಕಿನಲ್ಲಿ ಆಂಥೊನಿ ವೆಲೊನಿಸ್ ಮತ್ತು ಸಂಗಡಿಗರು ಇದನ್ನು ಕಲಾಮುದ್ರಣಕ್ಕೆ ಒಗ್ಗಿಸಿದರು. 1962ರಲ್ಲಿ ನಟಿ ಮರ್ಲಿನ್ ಮನ್ರೋ ತೀರಿಕೊಂಡ ಬೆನ್ನಲ್ಲೇ ಆಂಡಿ ವಾರ್ಹಾಲ್ ಆಕೆಯ ಸಿನಿಮಾ ಪ್ರಚಾರದ ಛಾಯಾಚಿತ್ರವನ್ನು ಪರದೆಗೆ ಇಳಿಸಿ ಮತ್ತೆ ಮತ್ತೆ ಅಚ್ಚು ಹಾಕಿದ. ಆ ಕಥೆ ಎಲ್ಲರಿಗೂ ಗೊತ್ತು. ನಮಗೆ ಇಲ್ಲಿ ಹೆಚ್ಚು ಮುಖ್ಯವಾದದ್ದು 1968ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ನಡೆದದ್ದು. ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದಿದ್ದಾಗ ಅಲ್ಲಿನ ಲಲಿತಕಲಾ ಶಾಲೆಯ ವಿದ್ಯಾರ್ಥಿಗಳು ಭಿತ್ತಿಪತ್ರ ಅಚ್ಚು ಹಾಕಲು ತೊಡಗಿದರು. ಮೊದಲು ಬಳಸಿದ ಕಲ್ಲಚ್ಚಿನ ವಿಧಾನ ತೀರ ನಿಧಾನವೆನಿಸಿದ್ದರಿಂದ ಪರದೆ ಮುದ್ರಣಕ್ಕೆ ಹೊರಳಿದರು. ಆ ಭಿತ್ತಿಪತ್ರಗಳಿಗೆ ಸಹಿಯಿಲ್ಲ, ಸಂಖ್ಯೆಯಿಲ್ಲ. ಅವನ್ನು ಅಲಂಕಾರಕ್ಕೆ ತೂಗುಹಾಕುವುದೆಂದರೆ ಅವುಗಳ ಉದ್ದೇಶವನ್ನೇ ಕೆಡಿಸಿದಂತೆ ಎಂದು ಅಚ್ಚು ಹಾಕಿದವರೇ ಸಾರಿದ್ದರು.

ಪಂಕ್ ಸಂಗೀತ ಹುಟ್ಟಿದ್ದು ಇದಾದ ಕೆಲವೇ ವರ್ಷಗಳಲ್ಲಿ, 1970ರ ದಶಕದ ನಡುಭಾಗದಲ್ಲಿ, ನ್ಯೂಯಾರ್ಕ್ ಮತ್ತು ಲಂಡನ್‌ಗಳಲ್ಲಿ. ವೇಗದ, ಒರಟು, ಕೆಲವೇ ಸ್ವರಮೇಳಗಳ ಚಿಕ್ಕ ಹಾಡುಗಳು. ಗದ್ದಲವೆಂದು ತಳ್ಳಿಹಾಕುವವರು ಈಗಲೂ ಇದ್ದಾರೆ. ಆದರೆ ಅದರ ಹಿಂದೆ ಒಂದು ನಿಲುವಿತ್ತು: ದೊಡ್ಡ ಕಂಪನಿಗಾಗಿ ಕಾಯಬೇಡ, ನಿನ್ನ ಹಾಡು, ನಿನ್ನ ತಟ್ಟೆ, ನಿನ್ನ ಪತ್ರಿಕೆ ನೀನೇ ಮಾಡಿಕೊ. 1980ರಲ್ಲಿ ವಾಷಿಂಗ್ಟನ್ನಿನ ಹದಿಹರೆಯದ ಹುಡುಗರು ಡಿಸ್ಕಾರ್ಡ್ ಎಂಬ ತಮ್ಮದೇ ಸಂಸ್ಥೆಯಿಂದ ಮೊದಲ ಧ್ವನಿಮುದ್ರಿಕೆ ತಂದಾಗ ಅದರ ಸಾವಿರ ಹೊದಿಕೆಗಳನ್ನು ಕೈಯಿಂದಲೇ ಕತ್ತರಿಸಿ, ಮಡಿಸಿ, ಅಂಟಿಸಿದರು. ಅವರಲ್ಲೊಬ್ಬನಾದ ಇಯಾನ್ ಮ್ಯಾಕೈ ಮುಂದೆ ಕಟ್ಟಿದ ಫುಗಾಜಿ ತಂಡ ಕಛೇರಿಗೆ ಐದು ಡಾಲರಿನಷ್ಟು ಕಡಿಮೆ ಶುಲ್ಕವನ್ನೇ ಇಟ್ಟುಕೊಂಡು, ತನ್ನ ಹೆಸರಿನ ಟಿ-ಷರ್ಟ್ ಮಾರಲು ಒಪ್ಪಲಿಲ್ಲ. ಇಂಗ್ಲೆಂಡಿನ ಕ್ರ್ಯಾಸ್ ತಂಡ ಲಂಡನ್ನಿನ ಸುರಂಗ ರೈಲಿನ ಗೋಡೆಗಳ ಮೇಲೆ ಸ್ಟೆನ್ಸಿಲ್ಲಿನಿಂದ ಯುದ್ಧವಿರೋಧಿ ಸಂದೇಶಗಳನ್ನು ಬರೆಯಿತು; ತನ್ನ ಮುದ್ರಿಕೆಗಳ ಹೊದಿಕೆಯ ಮೇಲೆ ಇದಕ್ಕಿಂತ ಹೆಚ್ಚು ಕೊಡಬೇಡಿ ಎಂದು ಬೆಲೆಯನ್ನೇ ಅಚ್ಚು ಹಾಕಿಸಿತು. ನಮ್ಮ ಬಿಸ್ಕತ್ ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯಂತೆಯೇ! ಲಂಡನ್ನಿನ ಕ್ಲ್ಯಾಶ್ ತಂಡದ ಜೋ ಸ್ಟ್ರಮರ್ ಮತ್ತು ಸಂಗಡಿಗರು 1978ರ ಏಪ್ರಿಲ್ 30ರಂದು ವಿಕ್ಟೋರಿಯಾ ಪಾರ್ಕಿನಲ್ಲಿ ವರ್ಣದ್ವೇಷದ ವಿರುದ್ಧ ಹಾಡಿದರು. 1980ರಲ್ಲಿ ಮೂರು ತಟ್ಟೆಗಳ ಮುದ್ರಿಕೆಯನ್ನು ಅಗ್ಗಕ್ಕೆ ಮಾರಲೆಂದು ತಮ್ಮ ಗೌರವಧನದ ಒಂದು ಭಾಗವನ್ನೇ ಬಿಟ್ಟುಕೊಟ್ಟರು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಪಂಕ್‌ನ ಅತ್ಯಂತ ಪ್ರಸಿದ್ಧ ಭಾವಚಿತ್ರ ಯಾವ ಸಂಗೀತಗಾರನದೂ ಅಲ್ಲ. 1977ರಲ್ಲಿ ರಾಣಿ ಎಲಿಜಬೆತ್ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡಕ್ಕಾಗಿ ಜೇಮಿ ರೀಡ್ ರಚಿಸಿದ ಚಿತ್ರವದು. ರಾಣಿಯ ಛಾಯಾಚಿತ್ರದ ಕಣ್ಣು, ಬಾಯಿಗಳ ಮೇಲೆ ಅಕ್ಷರಗಳ ಪಟ್ಟಿ ಮೆತ್ತಿದ್ದ. ಹೀಗೆ ದೊಡ್ಡವರ ಭಾವಚಿತ್ರವನ್ನು ಅಳಿಸುತ್ತ ಬೆಳೆದ ಪರಂಪರೆಯವರೇ ಒಂದು ತಲೆಮಾರಿನ ನಂತರ ಗೌರವದ ಭಾವಚಿತ್ರಗಳಾದರು.

ಅಂಥ ಭಾವಚಿತ್ರಗಳಿಗೆ ಹೆಸರಾದವರಲ್ಲಿ ಅಮೆರಿಕದ ಶೆಪರ್ಡ್ ಫೇರಿ ಪ್ರಮುಖ. 1970ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದ ಈತ ಹದಿನಾಲ್ಕರ ಹೊತ್ತಿಗೆ ಪಂಕ್ ಸಂಗೀತಕ್ಕೆ ಮನಸೋತು, ಕಾಗದದ ಸ್ಟೆನ್ಸಿಲ್ ಕತ್ತರಿಸಿ ತನ್ನ ಟಿ-ಷರ್ಟುಗಳನ್ನು ತಾನೇ ಅಚ್ಚು ಹಾಕಿಕೊಳ್ಳುತ್ತಿದ್ದ. ಮುಂದೆ ಪ್ರಾವಿಡೆನ್ಸ್ ನಗರದಲ್ಲಿ ಪುಟ್ಟ ಪರದೆ ಮುದ್ರಣ ಘಟಕ ನಡೆಸಿದ. ಜೋ ಸ್ಟ್ರಮರ್, ವಾಷಿಂಗ್ಟನ್ನಿನ ಕಪ್ಪು ಸಂಗೀತಗಾರರ ತಂಡವಾದ ಬ್ಯಾಡ್ ಬ್ರೇನ್ಸ್ ಮೊದಲಾದವರ ಚಿತ್ರಗಳನ್ನು ಆತ ಅಚ್ಚು ಹಾಕಿದ್ದಾನೆ. ಸಾಮಾನ್ಯವಾಗಿ 18×24 ಅಂಗುಲ. ಕೆನೆ ಬಣ್ಣದ ಕಾಗದ, ಮೇಲೆ ಕಪ್ಪು, ಕೆಂಪು.

ಈ ಬಣ್ಣಗಳ ಬಡತನಕ್ಕೆ ಕಾರಣ ಆಗಲೇ ಹೇಳಿದ ಲೆಕ್ಕ: ಪ್ರತಿ ಬಣ್ಣಕ್ಕೂ ಒಂದು ಪರದೆ. ಛಾಯಾಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ನೂರಾರು ಛಾಯೆಗಳಿರುತ್ತವೆ. ಒಂದು ಮಟ್ಟವನ್ನು ಗೊತ್ತುಮಾಡಿ, ಅದಕ್ಕಿಂತ ಗಾಢವಾದದ್ದೆಲ್ಲ ಕಪ್ಪು, ತಿಳಿಯಾದದ್ದೆಲ್ಲ ಬಿಳಿ ಎಂದುಬಿಟ್ಟರೆ ಒಂದೇ ಪರದೆ ಸಾಕು. ಬಹುಪಾಲು ವಿವರ ನಾಶವಾದರೂ ಆ ಮುಖವನ್ನು ನಾವು ಹೇಗೆ ಗುರುತಿಸುತ್ತೇವೆ? 1957ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಕ್ರೇಗ್ ಮೂನಿ ಇಂಥ ಎರಡೇ ಛಾಯೆಯ ಮುಖಗಳನ್ನು ಮಕ್ಕಳಿಗೆ ತೋರಿಸಿ ಅಧ್ಯಯನ ನಡೆಸಿದ. ಬಿಡಿಬಿಡಿಯಾಗಿ ನೋಡಿದರೆ ಅವು ಬರಿಯ ಮಸಿಯ ಕಲೆಗಳು. ಮಿದುಳು ಅವನ್ನು ಒಟ್ಟಾಗಿ ಗ್ರಹಿಸಿ, ಇಲ್ಲದ ಅಂಚುಗಳನ್ನು ತಾನೇ ತುಂಬಿಕೊಳ್ಳುತ್ತದೆ. ಅದೇ ಚಿತ್ರವನ್ನು ತಲೆಕೆಳಗು ಮಾಡಿದರೆ ಗುರುತಿಸುವುದು ಬಹಳ ಕಷ್ಟ. ಪರದೆ ಮುದ್ರಣದ ಭಾವಚಿತ್ರದ ಅರ್ಧ ಕೆಲಸ ನಡೆಯುವುದು ನೋಡುವವರ ತಲೆಯಲ್ಲಿ.

ಈಗ ಪೆನ್ಸಿಲ್ಲಿನ ಸಂಖ್ಯೆಗೆ ಬರೋಣ. ತಾಮ್ರದ ತಗಡಿನ ಮೇಲೆ ಮೊನೆಯಿಂದ ಗೀರಿ ಮುದ್ರಿಸುವ ಹಳೆಯ ವಿಧಾನದಲ್ಲಿ ಗೀರಿನ ಅಂಚಿನ ಲೋಹ ಒತ್ತಡಕ್ಕೆ ಬೇಗ ಸವೆಯುತ್ತದೆ. ಕೆಲವು ಹತ್ತು ಪ್ರತಿಗಳಾಗುವಷ್ಟರಲ್ಲಿ ರೇಖೆ ಮಂಕಾಗುತ್ತದೆ. ಅಲ್ಲಿ ಮಿತಿ ಲೋಹದ್ದು. ಪರದೆಗೆ ಅಂಥ ಕಷ್ಟವಿಲ್ಲ. ಒಂದೇ ಪರದೆಯಿಂದ ಸಾವಿರಾರು ಪ್ರತಿ ಎಳೆಯಬಹುದು. ಆದ್ದರಿಂದ 300 ಎಂಬುದು ಭೌತಶಾಸ್ತ್ರದ ಸಂಖ್ಯೆಯಲ್ಲ, ಮಾರುಕಟ್ಟೆಯದು. ಅಷ್ಟು ಪ್ರತಿಗಳಾದ ಮೇಲೆ ಸೋಡಿಯಮ್ ಪೆರ್‌ಅಯೊಡೇಟ್ ದ್ರಾವಣದಿಂದ ಲೇಪವನ್ನು ಕಿತ್ತು ಪರದೆಯನ್ನು ಬೇರೊಂದು ಚಿತ್ರಕ್ಕೆ ಬಳಸುತ್ತಾರೆ.

ಫೇರಿಯ ಮುದ್ರಣಗಳು ಮೊದಲು ಮಾರಾಟವಾಗುತ್ತಿದ್ದದ್ದು ಕೆಲವು ಹತ್ತು ಡಾಲರುಗಳಿಗೆ. ವಿದ್ಯಾರ್ಥಿಯೊಬ್ಬ ಕೊಳ್ಳಬಹುದಾದ ಬೆಲೆಯೇ. ಆದರೆ ಸಂಗ್ರಹಕಾರರ ನಡುವಿನ ಮರುಮಾರಾಟದಲ್ಲಿ ಅದು ಹಲವು ಪಟ್ಟು ಏರುತ್ತದೆ. ಇದಕ್ಕಿಂತ ಹೆಚ್ಚು ಕೊಡಬೇಡಿ ಎಂದು ಅಚ್ಚು ಹಾಕಿಸಿದವರ ಪರಂಪರೆಗೆ ಇದು ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಪೂರ್ತಿ ದೂಷಿಸಲಾರೆ. 2017ರ ಜನವರಿಯಲ್ಲಿ ಇದೇ ಫೇರಿ ರಚಿಸಿದ ಮುಸ್ಲಿಮ್, ಲ್ಯಾಟಿನ್ ಮತ್ತು ಕಪ್ಪು ಸಮುದಾಯದವರ ಭಾವಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಬಹುದಿತ್ತು. ಸ್ಟ್ರಮರ್ 2002ರಲ್ಲಿ ತೀರಿಕೊಂಡ ಮೇಲೆ ಅವನ ಹೆಸರಿನಲ್ಲಿ ಹುಟ್ಟಿದ ಪ್ರತಿಷ್ಠಾನ ಯುವ ಸಂಗೀತಗಾರರಿಗೆ ನೆರವಾಗುತ್ತಿದೆ.

ಇನ್ನೊಂದು ಪ್ರಶ್ನೆ ಮೂಲ ಛಾಯಾಚಿತ್ರದ್ದು. ಪಂಕ್ ಸಂಗೀತಗಾರರ ನಡುವೆಯೇ ಬೆಳೆದ ಛಾಯಾಗ್ರಾಹಕ ಗ್ಲೆನ್ ಫ್ರೀಡ್‌ಮನ್ ಜೊತೆ ಫೇರಿ ಕೂಡಿ ಕೆಲಸ ಮಾಡಿದ್ದಾನೆ. ಅಲ್ಲಿ ಹೆಸರೂ ಹಕ್ಕೂ ಇಬ್ಬರದು. ಆದರೆ 2008ರ ಬರಾಕ್ ಒಬಾಮ ಭಿತ್ತಿಪತ್ರಕ್ಕೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗಾಗಿ ತೆಗೆದ ಚಿತ್ರವನ್ನು ಅನುಮತಿಯಿಲ್ಲದೆ ಬಳಸಿದ್ದ. ಮೊಕದ್ದಮೆಯಲ್ಲಿ ಸಾಕ್ಷ್ಯ ತಿದ್ದಿದ್ದನ್ನು ತಾನೇ ಒಪ್ಪಿಕೊಂಡ. 2011ರಲ್ಲಿ ರಾಜಿಯಾಯಿತು, 2012ರಲ್ಲಿ ನ್ಯಾಯಾಲಯ 25,000 ಡಾಲರ್ ದಂಡವನ್ನೂ 300 ಗಂಟೆಗಳ ಸಮಾಜಸೇವೆಯನ್ನೂ ವಿಧಿಸಿತು.

ಶಿಕ್ಷಕರು ಈ ತತ್ತ್ವವನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಕಸೂತಿಯ ಬಳೆಗೆ ಹಳೆಯ ಪಾಲಿಯೆಸ್ಟರ್ ಪರದೆಯ ತೆಳು ಬಟ್ಟೆಯನ್ನು ಬಿಗಿಯಿರಿ. ಕತ್ತರಿಸಿದ ಕಾಗದವನ್ನು ಅಡಿಯಲ್ಲಿಟ್ಟು, ಒಳಗೆ ಮಂದವಾದ ಪೋಸ್ಟರ್ ಬಣ್ಣ ಹಾಕಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಒಮ್ಮೆ ಎಳೆಯಿರಿ. ಒದ್ದೆಯಾದ ಕಾಗದ ಬಟ್ಟೆಗೆ ತಾನೇ ಅಂಟಿಕೊಳ್ಳುತ್ತದೆ. 'ಠ'ದ ಒಳಭಾಗವೂ ಕಳಚುವುದಿಲ್ಲ. ಡೈಕ್ರೋಮೇಟ್ ಪ್ರಯೋಗವನ್ನು ಮಾತ್ರ ಪುಸ್ತಕದಲ್ಲೇ ಬಿಡಿ. ಕ್ರೋಮಿಯಮ್ +6 ಸಂಯುಕ್ತಗಳು ಚರ್ಮವನ್ನು ಸುಡುತ್ತವೆ, ಕ್ಯಾನ್ಸರ್‌ಕಾರಕಗಳೂ ಹೌದು.