ಪಂಚ್‌ಗೂ ಪಾನಕಕ್ಕೂ ಏನು ನಂಟು?

ಕೆಂಪು ವೈನ್‌ಗೆ ಹಣ್ಣಿನ ಹೋಳು, ನಿಂಬೆರಸ, ಸಕ್ಕರೆ ಬೆರೆಸಿ ತಣ್ಣಗೆ ಕೊಡ್ತಾರಲ್ಲ, ಆ ಪಂಚ್ ಯಾವ ದೇಶದ್ದು ಅಂತ ಕೇಳಿ ನೋಡಿ. ಇಂಗ್ಲೆಂಡ್ ಅಂತಲೋ ಸ್ಪೇನ್ ಅಂತಲೋ ಉತ್ತರ ಬರುತ್ತೆ. ನಾನಿರುವ ದುವ್ವಾಡದಲ್ಲಿ ಬೇಸಿಗೆಯ ಕೂಟಗಳಲ್ಲಿ ಈ ಪಾನೀಯ ಕಂಡಾಗಲೆಲ್ಲ ನನಗೆ ನಗು ಬರುತ್ತೆ. ಯಾಕೆಂದರೆ ಆ ಹೆಸರು ಬರವಣಿಗೆಯಲ್ಲಿ ಮೊದಲು ಸಿಗುವುದು ಇದೇ ಆಂಧ್ರ ಕರಾವಳಿಗೆ ಬಂದ ಒಂದು ಕಾಗದದಲ್ಲಿ!

1632ರ ಸೆಪ್ಟೆಂಬರ್ 28ರಂದು ರಾಬರ್ಟ್ ಆಡಮ್ಸ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಆಳು, ಪೇಟಪೋಲಿಯಲ್ಲಿದ್ದ ಥಾಮಸ್ ಕಾಲಿ ಎಂಬ ವರ್ತಕನಿಗೆ ಬರೆದ ಓಲೆ ಅದು. ಒಳ್ಳೆಯ ಜೊತೆ ಸಿಕ್ಕಿದ್ದಕ್ಕೆ ಸಂತೋಷಪಟ್ಟು, ಪಂಚ್ ಕುಡಿಯುವ ಮಾತನ್ನೂ ಎತ್ತಿದ್ದಾನೆ. ಪೇಟಪೋಲಿ ಅಂದರೆ ಈಗಿನ ನಿಜಾಂಪಟ್ನಂ, ವಿಜಯವಾಡದಿಂದ ಕೆಳಗೆ ಬಾಪಟ್ಲ ಜಿಲ್ಲೆಯಲ್ಲಿದೆ. ಇಂಗ್ಲಿಷರು ಅಲ್ಲಿ ಬಂದಿಳಿದದ್ದು 1611ರಲ್ಲಿ.

ಕಾರಣ ಸರಳ. ಹಡಗಿನಲ್ಲಿ ತಿಂಗಳುಗಟ್ಟಲೆ ಬರುವಾಗ ಬಿಯರ್ ಕೆಡುತ್ತಿತ್ತು, ವೈನ್ ಹುಳಿಯುತ್ತಿತ್ತು. ಇಲ್ಲಿ ಸಿಗುವ ಸಾರಾಯಿಗೆ ನಿಂಬೆಹುಳಿ, ಸಕ್ಕರೆ, ನೀರು, ಮಸಾಲೆ ಸೇರಿಸಿಕೊಂಡರು. ಒಟ್ಟು ಐದು. 1670ರ ದಶಕದಲ್ಲಿ ಭಾರತದಲ್ಲಿದ್ದ ಜಾನ್ ಫ್ರೈಯರ್ ಎಂಬ ವೈದ್ಯ, ಈ ಹೆಸರು ಬಂದದ್ದು ಐದು ಎಂಬರ್ಥದ ಇಲ್ಲಿನ ಪದದಿಂದಲೇ ಅಂತ ಬರೆದ. ಎಲ್ಲ ಪಂಡಿತರೂ ಇದನ್ನು ಒಪ್ಪುವುದಿಲ್ಲ. ಪಂಚನ್ ಎಂಬ ದೊಡ್ಡ ಪೀಪಾಯಿಯ ಹೆಸರಿನಿಂದ ಬಂತು ಅನ್ನುವವರೂ ಇದ್ದಾರೆ. ಹೆಸರಿನ ಜಗಳ ಏನೇ ಇರಲಿ, ಆ ಐದರಲ್ಲಿ ಸಾರಾಯಿ ಒಂದನ್ನು ತೆಗೆದುಬಿಡಿ. ಉಳಿಯುವುದೇನು? ನೀರು, ಸಿಹಿ, ನಿಂಬೆಹುಳಿ, ಮಸಾಲೆ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ನಮ್ಮ ರಾಮನವಮಿ ಪಾನಕ!

ವಿಜಯವಾಡದ ಹತ್ತಿರ ಮಂಗಳಗಿರಿಯಲ್ಲಿ ದೇವರ ಹೆಸರೇ ಪಾನಕಾಲ ನರಸಿಂಹಸ್ವಾಮಿ. ಭಕ್ತರು ತಂದ ಬೆಲ್ಲದ ಪಾನಕವನ್ನು ಸ್ವಾಮಿಯ ಬಾಯಿಗೇ ಹುಯ್ಯುತ್ತಾರೆ. ಅರ್ಧ ಕುಡಿದು ಅರ್ಧ ಪ್ರಸಾದವಾಗಿ ಬಿಡುತ್ತಾನೆ ಅಂತ ನಂಬಿಕೆ. ದೇವರೂ ಅರ್ಧಕ್ಕೇ ನಿಲ್ಲಿಸುತ್ತಾನೆ, ನೋಡಿ.

ಮನುಷ್ಯರು ನಿಲ್ಲಿಸದೇ ಹೋದಾಗ ಏನಾಯಿತು ಅನ್ನುವುದೂ ಇದೇ ಕರಾವಳಿಯ ಚರಿತ್ರೆ. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅಕ್ಷರ ಕಲಿಯಲು ಕೂತವರು, ದಿನದ ಕೂಲಿ ಸಾರಾಯಿ ಅಂಗಡಿಗೆ ಹೋಗುವ ಬಗ್ಗೆ ಮಾತಾಡುತ್ತಾ ಆ ಅಂಗಡಿಯನ್ನೇ ಮುಚ್ಚಿಸಿದರು. ರೋಸಮ್ಮನಂಥವರು ಮುಂದೆ ನಿಂತರು. 1992ರಲ್ಲಿ ಚಳವಳಿ ಜಿಲ್ಲೆಯೆಲ್ಲ ಹಬ್ಬಿತು, ಹರಾಜುಗಳೇ ನಿಂತವು. 1993ರ ಅಕ್ಟೋಬರ್‌ನಲ್ಲಿ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು, 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಪೂರ್ತಿ ಪಾನನಿಷೇಧ ತಂದರು. ಅದು 1997ರವರೆಗೆ ನಡೆಯಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು.

ಸಾರಾಯಿಯ ಜಾಗಕ್ಕೆ ವೈನ್ ಬಂದದ್ದು ಯೂರೋಪಿನಲ್ಲಿ. ಸ್ಪೇನಿನ ಸಾಂಗ್ರಿಯಾ ಈ ಬಗೆಯದೇ. ಹೆಸರು ರಕ್ತ ಎಂಬರ್ಥದ ಪದದಿಂದ, ಬಣ್ಣ ನೋಡಿ ಇಟ್ಟದ್ದು. 1964ರ ನ್ಯೂಯಾರ್ಕ್ ವಿಶ್ವಮೇಳದ ನಂತರ ಅಮೆರಿಕದಲ್ಲೂ ಮನೆಮಾತಾಯಿತು. ನಮ್ಮ ಕಡೆ ದ್ರಾಕ್ಷಿಯೂ ಇದೆ, ವೈನೂ ಇದೆ. ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ದ್ರಾಕ್ಷಿತೋಟ ಶುರುವಾದದ್ದು 1988ರಲ್ಲಿ.

ಮನೆಯಲ್ಲಿ ಮಾಡುವುದು ಕಷ್ಟವಲ್ಲ. 750 ಮಿಲಿಯ ಕೆಂಪು ವೈನ್ ಒಂದು ಬಾಟಲಿ ಸಾಕು, ದುಬಾರಿಯದು ಬೇಡ. ಎರಡು ಕಿತ್ತಳೆ, ಒಂದು ಸೇಬು, ಒಂದು ಹಿಡಿ ದಾಳಿಂಬೆ ಕಾಳು, ಒಂದು ಹಿಡಿ ಕಪ್ಪು ದ್ರಾಕ್ಷಿ, ಒಂದು ನಿಂಬೆಹಣ್ಣಿನ ರಸ, ನಾಲ್ಕು ಚಮಚ ಸಕ್ಕರೆ, ಒಂದು ತುಂಡು ದಾಲ್ಚಿನ್ನಿ. ಸಕ್ಕರೆಯನ್ನು ಮೊದಲು ನಿಂಬೆರಸದಲ್ಲಿ ಕರಗಿಸಿ, ತಣ್ಣನೆ ವೈನ್‌ನಲ್ಲಿ ಬೇಗ ಕರಗೋದಿಲ್ಲ. ಎಲ್ಲ ಸೇರಿಸಿ ಮೂರು ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಸೋಡಾ ಮಾತ್ರ ಕೊನೆಗೆ, ಲೋಟಕ್ಕೆ ಹುಯ್ಯುವ ಮುಂಚೆ, ಇಲ್ಲದಿದ್ದರೆ ಗ್ಯಾಸ್ ಹೋಗಿ ಸಪ್ಪೆ. ಇನ್ನೊಂದು ಮಾತು. ಹಣ್ಣಿನ ಹೋಳುಗಳು ವೈನ್ ಹೀರಿರುತ್ತವೆ, ಮಕ್ಕಳ ಕೈಗೆ ಸಿಗಬಾರದು. ಸಿಹಿಯೂ ತಂಪೂ ಸೇರಿ ಎಷ್ಟು ಕುಡಿದೆವು ಅನ್ನುವುದೇ ತಿಳಿಯೋದಿಲ್ಲ, ಆದ್ದರಿಂದ ಲೋಟ ಚಿಕ್ಕದಿರಲಿ.

ಪಕ್ಕದಲ್ಲಿ ಅಷ್ಟೇ ದೊಡ್ಡ ಜಗ್ಗಿನಲ್ಲಿ ಪಾನಕವೂ ಇರಲೇಬೇಕು ಅನ್ನುವುದು ನನ್ನ ಹಠ. ಕರಬೂಜದ್ದೋ ಬೇಲದ ಹಣ್ಣಿನದ್ದೋ, ಏಲಕ್ಕಿ ಹಾಕಿ. ಕುಡಿಯದವರಿಗೆ ಬಾಟಲಿ ಕೋಲಾ ಕೊಟ್ಟು ಮೂಲೆಗೆ ಕೂರಿಸುವ ಪದ್ಧತಿ ನನಗೆ ಒಗ್ಗೋದಿಲ್ಲ. ಬೇಡ ಅನ್ನುವ ಹೆಂಗಸರನ್ನು ಹಳೇ ಕಾಲದವರು ಅಂತ ಗೇಲಿ ಮಾಡುವುದಂತೂ ಕೂಡದು. ಅವರ ಬೇಡ ಎಂಬ ಮಾತಿಗೂ ಈ ಊರುಗಳಲ್ಲಿ ದೊಡ್ಡ ಚರಿತ್ರೆಯಿದೆ.

ಅಂದ ಹಾಗೆ, ನಿಮ್ಮೂರ ಪಾನಕಕ್ಕೆ ಶುಂಠಿಯೋ, ಮೆಣಸೋ?