ಮನೆಯಲ್ಲೇ ಕಾರ್ಯಕ್ರಮವೇ? 50 ಜನರ ಊಟಕ್ಕೆ ಏನು, ಎಷ್ಟು, ಯಾವಾಗ: ಇಲ್ಲಿದೆ ಪೂರ್ತಿ ಲೆಕ್ಕ

ಕಾರವಾರ/ಅಂಕೋಲಾ: ಮಗುವಿನ ಬಾರಸೆ, ಸತ್ಯನಾರಾಯಣ ಪೂಜೆ, ಗೃಹಪ್ರವೇಶ, ಅಜ್ಜನ ಎಪ್ಪತ್ತೈದನೇ ಹುಟ್ಟುಹಬ್ಬ. ಕಾರ್ಯ ಯಾವುದೇ ಇರಲಿ, ಮನೆಯವರ ನಿದ್ದೆ ಕೆಡಿಸೋದು ಒಂದೇ ಪ್ರಶ್ನೆ: ಊಟಕ್ಕೆ ಏನು ಮಾಡೋಣ, ಎಷ್ಟು ಖರ್ಚಾದೀತು? ಸಭಾಭವನ, ಕೇಟರಿಂಗ್ ಎಂದರೆ ಲೆಕ್ಕ ಕೈ ಮೀರುತ್ತದೆ. ಸಂಘದ ಸಾಲ ತೆಗೆದು, ಬಂಗಾರ ಅಡವಿಟ್ಟು ಒಂದು ಹೊತ್ತಿನ ಊಟ ಹಾಕಿ, ಆಮೇಲೆ ವರ್ಷವಿಡೀ ಕಂತು ಕಟ್ಟೋ ಮನೆಗಳು ನಮ್ಮ ನಡುವೆಯೇ ಇವೆ. ಆದರೆ 50 ಜನರವರೆಗಿನ ಊಟವನ್ನು ನಾಲ್ಕೈದು ಕೈಗಳಿದ್ದರೆ ಮನೆಯಲ್ಲೇ ಮಾಡಬಹುದು. ಬೇಕಾಗಿರೋದು ಸರಿಯಾದ ಯಾದಿ ಮತ್ತು ಒಂದು ವಾರದ ತಯಾರಿ.

ಮೊದಲು ತಲೆ ಎಣಿಸಿ

ಕರೆದವರ ಸಂಖ್ಯೆ ಬೇರೆ, ಉಣ್ಣುವವರ ಸಂಖ್ಯೆ ಬೇರೆ. ಮನೆ ಮನೆಯ ಹೆಸರು ಬರೆದು, ಫೋನ್ ಮಾಡಿ ಎಷ್ಟು ಜನ ಬರ್ತೀರಿ ಅಂತ ಕೇಳಿ. ಹಾಗೆ ಕೇಳೋದರಲ್ಲಿ ಸಂಕೋಚ ಬೇಡ. ಹತ್ತು ವರ್ಷದೊಳಗಿನ ಮಕ್ಕಳನ್ನು ಅರ್ಧ ಎಂದು ಹಿಡಿಯಿರಿ. 56 ಜನ ಬರುತ್ತಾರೆ, ಅದರಲ್ಲಿ 12 ಮಕ್ಕಳು ಎಂದಾದರೆ ಲೆಕ್ಕ 44 + 6, ಅಂದರೆ 50 ಊಟ.

"ಕಡಿಮೆ ಬಿದ್ದರೆ ಮರ್ಯಾದೆ ಹೋಗ್ತದೆ" ಅಂತ ಎಲ್ಲ ಪದಾರ್ಥವನ್ನೂ ಹೆಚ್ಚಿಗೆ ಮಾಡೋದೇ ಖರ್ಚು ಏರಲು ಮುಖ್ಯ ಕಾರಣ. ಅನ್ನ ಮತ್ತು ಸಾರು ಮಾತ್ರ ಸ್ವಲ್ಪ ಕೈಬಿಟ್ಟು ಮಾಡಿ, ಉಳಿದದ್ದು ಲೆಕ್ಕದಷ್ಟೇ ಸಾಕು. ಅಕ್ಕಿಯನ್ನೂ ಒಂದೇ ಸಲ ಬೇಯಿಸಬೇಡಿ. ಮುಕ್ಕಾಲು ಭಾಗ ಮೊದಲು ಬೇಯಿಸಿ, ಮೊದಲ ಪಂಕ್ತಿ ಕೂತ ಮೇಲೆ ಜನ ನೋಡಿ ಉಳಿದದ್ದನ್ನು ಒಲೆಗೇರಿಸಿ. ಬೇಯಿಸದ ಅಕ್ಕಿ ನಾಳೆಗೂ ಆಗುತ್ತದೆ.

ಪೂಜೆಯ ಊಟ: 50 ಜನರಿಗೆ

ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸರಳ ಊಟ: ಅನ್ನ, ದಾಳಿತೊವ್ವೆ, ಮೊಗೆಕಾಯಿ ಹುಳಿ, ವಟಾಣಿ ಉಸಳಿ, ಒಂದು ಪಲ್ಯ, ಕಡಲೆಬೇಳೆ ಪಾಯಸ, ಹಪ್ಪಳ, ಉಪ್ಪಿನಕಾಯಿ, ಸೋಲಕಡಿ ಅಥವಾ ಮಜ್ಜಿಗೆ.

- ಅಕ್ಕಿ: 5.5 ಕೆಜಿ (ಒಬ್ಬರಿಗೆ ಸುಮಾರು 110 ಗ್ರಾಂ)
- ತೊಗರಿಬೇಳೆ, ತೊವ್ವೆ ಮತ್ತು ಹುಳಿ ಸೇರಿ: 1.5ರಿಂದ 2 ಕೆಜಿ
- ಒಣ ವಟಾಣಿ: 1.5 ಕೆಜಿ
- ಹುಳಿಗೆ ಮೊಗೆಕಾಯಿ: 3 ಕೆಜಿ
- ಪಲ್ಯದ ತರಕಾರಿ: 4 ಕೆಜಿ
- ಪಾಯಸಕ್ಕೆ ಕಡಲೆಬೇಳೆ 1 ಕೆಜಿ, ಬೆಲ್ಲ 1.5 ಕೆಜಿ
- ತೆಂಗಿನಕಾಯಿ: 15ರಿಂದ 18 (ಪಾಯಸಕ್ಕೆ 5, ಸೋಲಕಡಿಗೆ 4, ಉಳಿದದ್ದು ಮಸಾಲೆ, ಉಸಳಿ, ಪಲ್ಯಕ್ಕೆ)
- ಸೋಲಕಡಿಗೆ ಒಣ ಮುರುಗಲ ಸಿಪ್ಪೆ: 200 ಗ್ರಾಂ
- ಎಣ್ಣೆ: 1.5 ಲೀಟರ್
- ಹಪ್ಪಳ 60, ಉಪ್ಪಿನಕಾಯಿ ಮುಕ್ಕಾಲು ಕೆಜಿ
- ಬಾಳೆಎಲೆ: 60
- ಕುಡಿಯುವ ನೀರು: 40 ಲೀಟರ್

ಜನ 25 ಆದರೆ ಎಲ್ಲ ಅರ್ಧ ಮಾಡಿ. ಆದರೆ 100 ಎಂದಾದರೆ ಮನೆ ಒಲೆಯ ಆಸೆ ಬಿಡಿ. ಅಡಿಗೆಯವರು ಒಬ್ಬರಾದರೂ ಬೇಕು.

ಮೀನಿನ ಊಟ: ತಿಂಗಳು ನೋಡಿ ತೀರ್ಮಾನಿಸಿ

ಬಾರಸೆ, ಹುಟ್ಟುಹಬ್ಬಕ್ಕೆ ಮೀನಿಲ್ಲದಿದ್ದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಊಟವೇ ಅಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬೈತಖೋಲದಲ್ಲೂ ಬೇಲೆಕೇರಿಯಲ್ಲೂ ಟ್ರಾಲರ್‌ಗಳು ದಡದಲ್ಲೇ ಇರುತ್ತವೆ, ಸಿಗುವ ಮೀನಿಗೆ ದರ ಏರಿರುತ್ತದೆ. ಆ ಎರಡು ತಿಂಗಳಲ್ಲಿ ಕಾರ್ಯ ಇದ್ದರೆ ಕೋಳಿ ಸಾರೇ ಲೇಸು. 50 ಜನರಿಗೆ ಶುಚಿ ಮಾಡಿದ ಕೋಳಿ 8 ಕೆಜಿ ಸಾಕು.

ಉಳಿದ ತಿಂಗಳಲ್ಲೂ "ಇಸ್ವಾಣವೇ ಆಗಬೇಕು, ಪಾಪ್ಲೆಟೇ ಬೇಕು" ಅಂತ ಮೊದಲೇ ಹೇಳಿಕೊಂಡು ಓಡಾಡಬೇಡಿ. ಮಸಾಲೆ ತಯಾರಿಟ್ಟುಕೊಳ್ಳಿ, ಮೀನು ಯಾವುದೆಂದು ಆ ದಿನದ ಪೇಟೆ ಹೇಳಲಿ. ಬಂಗಡೆ ಅಗ್ಗವಿದ್ದರೆ ಬಂಗಡೆ, ತಾರ್ಲೆ ಬಂದಿದ್ದರೆ ತಾರ್ಲೆ. ತಲೆಗೊಂದು ಬಂಗಡೆ ಎಂದರೆ ಮಧ್ಯಮ ಗಾತ್ರದ್ದು 7ರಿಂದ 8 ಕೆಜಿ ಬೇಕು. ಹುರಿಯೋದಕ್ಕಿಂತ ಸಾರು ಮಾಡಿದರೆ ಎಣ್ಣೆಯೂ ಉಳಿಯುತ್ತದೆ, ಕೊನೇ ಗಳಿಗೆಯಲ್ಲಿ ಕಾವಲಿ ಮುಂದೆ ನಿಲ್ಲೋ ಕೆಲಸವೂ ತಪ್ಪುತ್ತದೆ. ಎಲೆಯ ಬದಿಗೆ ಒಣ ಸಿಗಡಿಯ ಕಿಸ್ಮುರಿ ಇರಲಿ: 250 ಗ್ರಾಂ ಒಣ ಸಿಗಡಿ, 3 ತೆಂಗಿನಕಾಯಿ, ಒಂದಿಷ್ಟು ಈರುಳ್ಳಿ, ಹುಣಸೆಹುಳಿ. ಹುರಿದ ಸಿಗಡಿಯನ್ನು ಬಡಿಸುವ ಹೊತ್ತಿಗೇ ಕಲಸಿ, ಮೊದಲೇ ಕಲಸಿದರೆ ಮೆತ್ತಗಾಗುತ್ತದೆ.

ಶ್ರಾವಣ ಹಿಡಿಯುವವರು, ಸೋಮವಾರ ಮೀನು ತಿನ್ನದವರು ಎಷ್ಟಿದ್ದಾರೆಂದು ಫೋನ್ ಮಾಡುವಾಗಲೇ ಕೇಳಿಕೊಳ್ಳಿ. ಅವರ ಪಾತ್ರೆ, ಸೌಟು ಬೇರೆಯೇ ಇರಲಿ.

ಸಂಜೆ ಕಾರ್ಯಕ್ರಮವಾದರೆ ಇನ್ನೂ ಸುಲಭ

ಐದು ಗಂಟೆಗೆ ಕೇಕ್ ಕತ್ತರಿಸುವ ಹುಟ್ಟುಹಬ್ಬಕ್ಕೆ ಪೂರ್ಣ ಊಟ ಯಾಕೆ? ಭಾಜಿ–ಪಾವ್, ಶಿರಾ, ಚಹಾ ಸಾಕು. 50 ಜನರಿಗೆ 150 ಪಾವ್, ಭಾಜಿಗೆ ಒಣ ವಟಾಣಿ 2.5 ಕೆಜಿ, ಬಟಾಟೆ 2 ಕೆಜಿ. ಶಿರಾಕ್ಕೆ ರವೆ 1.25 ಕೆಜಿ, ಸಕ್ಕರೆ ಅಷ್ಟೇ, ತುಪ್ಪ ಅರ್ಧ ಕೆಜಿ, ಹತ್ತು ಬಾಳೆಹಣ್ಣು. ಪಾವ್ ಎಷ್ಟು ಬೇಕೆಂದು ಬೇಕರಿಗೆ ಎರಡು ದಿನ ಮೊದಲೇ ಹೇಳಿ. ಎಲೆ, ಪಂಕ್ತಿ ಯಾವುದೂ ಬೇಡ.

ಸಂತೆ ದಿನ, ಸೀಸನ್ ಎರಡೂ ನೋಡಿ

ಅಂಕೋಲಾಕ್ಕೆ ಶನಿವಾರದ ಸಂತೆ, ಕಾರವಾರಕ್ಕೆ ಭಾನುವಾರದ ಸಂತೆ. ಭಾನುವಾರ ಕಾರ್ಯವಿದ್ದರೆ ಅಂಕೋಲಾದವರಿಗೆ ಹಿಂದಿನ ದಿನವೇ ತಾಜಾ ತರಕಾರಿ ಸಿಕ್ಕಿತು. ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿಯಲ್ಲಿ ತರುವ ಹರಿವೆ, ಬಸಳೆ, ಬದನೆ, ಮೂಲಂಗಿ ತಾಜಾ ಇರುತ್ತದೆ, ಊರಿನ ದುಡ್ಡು ಊರಲ್ಲೇ ಉಳಿಯುತ್ತದೆ.

ಮಾರ್ಚ್–ಏಪ್ರಿಲ್‌ನಲ್ಲಿ ಎಳೆ ಹಲಸಿನಕಾಯಿ ಪಲ್ಯ ಮಾಡಿ. ಮೇ ತಿಂಗಳಲ್ಲಿ ಪಾಯಸವೇ ಬೇಡ: 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಅಂಕೋಲಾದ ಕರಿ ಈಶಾಡ ಮಾವಿನ ರಸಾಯನ ಇರುವಾಗ ಪೇಟೆಯ ಸ್ವೀಟು ಯಾಕೆ? 50 ಜನರಿಗೆ 6 ಕೆಜಿ ಹಣ್ಣು, 4 ತೆಂಗಿನಕಾಯಿ ಹಾಲು, 1 ಕೆಜಿ ಬೆಲ್ಲ. ಈಶಾಡ ದುಬಾರಿಯಿದ್ದರೆ ಯಾವುದೇ ಕಾಟು ಸಿಹಿಮಾವೂ ನಡೆಯುತ್ತದೆ.

ಎಲ್ಲಿ ಉಳಿತಾಯ?

ಅಕ್ಕಿ, ಬೇಳೆಯಲ್ಲಿ ಕೈ ಹಿಡಿಯಬೇಡಿ, ಅಲ್ಲಿ ಉಳಿಯೋದು ಕಡಿಮೆ. ಖರ್ಚು ತಿನ್ನೋದು ಪನ್ನೀರು, ಐಸ್‌ಕ್ರೀಮ್, ಪೇಟೆ ಸಿಹಿ, ನೀರಿನ ಬಾಟಲಿ. ಬಾಟಲಿ ಬದಲು ಜೀರಿಗೆ ಹಾಕಿ ಕುದಿಸಿ ಆರಿಸಿದ ನೀರು ಇಡಿ. ಮನೆ ಮರದ ತೆಂಗಿನಕಾಯಿ, ಬಾಳೆಎಲೆ ಕೊಡುತ್ತೇವೆ ಅನ್ನುವ ನೆಂಟರಿಗೆ ಬೇಡ ಅನ್ನಬೇಡಿ. ನಾಳೆ ಅವರ ಮನೆ ಕಾರ್ಯಕ್ಕೆ ನೀವೂ ಕೊಡುತ್ತೀರಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ. ಬಾಳೆಎಲೆ ಸಿಗದಿದ್ದರೆ ಅಡಿಕೆ ಹಾಳೆ ತಟ್ಟೆ ಬಳಸಿ.

ಕಿರಾಣಿ ಅಂಗಡಿಗೆ ಯಾದಿಯನ್ನು ನಾಲ್ಕು ದಿನ ಮೊದಲೇ ಕೊಡಿ. "ಒಡೆಯದ ಪ್ಯಾಕೆಟ್ ವಾಪಸ್ ತಗೊಳ್ತೀರಾ?" ಅಂತ ಮೊದಲೇ ಕೇಳಿ. ಉದ್ರಿ ತಂದರೆ ಕೊಡುವ ದಿನಾಂಕವನ್ನು ಯಾದಿಯ ಮೇಲೇ ಬರೆಸಿ, ಅದು ಎರಡೂ ಕಡೆಯವರಿಗೆ ಒಳ್ಳೇದು. ಅಂಗಡಿಯವರಿಗೂ ಒಂದು ಮಾತು: 25, 50 ಜನರ ಸಾಮಾನಿನ ಯಾದಿಯನ್ನು ಬರೆದು ಗೋಡೆಗೆ ಅಂಟಿಸಿಟ್ಟರೆ ಗಿರಾಕಿಗೂ ಅನುಕೂಲ, ನಿಮಗೂ ವ್ಯಾಪಾರ.

ಯಾವಾಗ ಏನು?

- ಏಳು ದಿನ ಮೊದಲು: ತಲೆ ಲೆಕ್ಕ, ಊಟದ ಪಟ್ಟಿ, ದೊಡ್ಡ ಪಾತ್ರೆ ಬಾಡಿಗೆಗೆ ಹೇಳುವುದು, ತುಂಬಿದ ಸಿಲಿಂಡರ್ ಒಂದು ಹೆಚ್ಚಿಗೆ.
- ನಾಲ್ಕು ದಿನ ಮೊದಲು: ಕಿರಾಣಿ ಸಾಮಾನು, ಮಸಾಲೆ ಹುರಿದು ಪುಡಿ ಮಾಡುವುದು.
- ಹಿಂದಿನ ದಿನ: ತರಕಾರಿ ತರುವುದು, ರಾತ್ರಿ ವಟಾಣಿ ನೆನೆಹಾಕುವುದು.
- ಆ ದಿನ ಬೆಳಿಗ್ಗೆ 6: ಕಾಯಿ ತುರಿಯುವುದು, ತರಕಾರಿ ಹೆಚ್ಚುವುದು. 8: ಬೇಳೆ, ವಟಾಣಿ, ಪಾಯಸ. 10: ಹುಳಿ ಅಥವಾ ಮೀನು ಸಾರು, ಪಲ್ಯ. 11: ಅನ್ನ. ಕುಚಲಕ್ಕಿಯಾದರೆ ಬೇಯಲು ಹೆಚ್ಚು ಹೊತ್ತು ಬೇಕು, ಹತ್ತಕ್ಕೇ ಒಲೆಗಿಡಿ. ಅಂಗಳದಲ್ಲಿ ಕಟ್ಟಿಗೆ ಒಲೆ ಹೂಡಿದರೆ ಗ್ಯಾಸ್ ಉಳಿಯುತ್ತದೆ. 12.30: ಮೊದಲ ಪಂಕ್ತಿ.

ಹುಬ್ಬಳ್ಳಿ ಕಡೆಯಿಂದ ಅರಬೈಲ್ ಘಟ್ಟ ಇಳಿದು ಬರುವವರು ತಡವಾಗಬಹುದು. ಅವರಿಗೆ ಎರಡನೇ ಪಂಕ್ತಿ ಎಂದು ಮೊದಲೇ ಹೇಳಿಡಿ.

ಸೆಖೆ ಮರೆಯಬೇಡಿ

ಕರಾವಳಿಯ ಸೆಖೆಯಲ್ಲಿ ಕಾಯಿ ರುಬ್ಬಿದ ಪದಾರ್ಥ ಬೇಗ ಹಳಸುತ್ತದೆ. ಬೇಯಿಸಿದ ಅಡಿಗೆ ಬಿಸಿಯಾಗಿಯೇ ಇರಬೇಕು, ಅಂದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಹಾಗಿಡಲಾಗದಿದ್ದರೆ ಎರಡು ತಾಸಿನೊಳಗೆ ಬಡಿಸಿ. ಮೀನು, ಸಿಗಡಿ, ಕೋಳಿಯನ್ನು ಒಲೆಗೇರಿಸುವವರೆಗೆ ಐಸ್ ಮೇಲೆ ಇಡಿ. ಸೋಲಕಡಿಯನ್ನು ಊಟಕ್ಕೆ ಅರ್ಧ ತಾಸು ಮೊದಲು ಮಾತ್ರ ಮಾಡಿ. ಉಳಿದ ಊಟವನ್ನು ಅಕ್ಕಪಕ್ಕದವರಿಗೆ ಕೊಡುವುದಿದ್ದರೆ ಮಧ್ಯಾಹ್ನವೇ, ಬಿಸಿ ಇರುವಾಗಲೇ ಕೊಟ್ಟುಬಿಡಿ. ಸಂಜೆಯವರೆಗೆ ಇಟ್ಟು ಕೊಟ್ಟರೆ ಪುಣ್ಯದ ಬದಲು ಪಾಪ ಕಟ್ಟಿಕೊಂಡಂತೆ.

ನೆಂಟರು ನೆನಪಿಡೋದು ಎಷ್ಟು ಬಗೆ ಇತ್ತು ಅಂತ ಅಲ್ಲ, ಬಿಸಿ ಬಿಸಿ ಬಡಿಸಿದರು, ಕೂತು ಮಾತಾಡಿಸಿದರು ಅಂತ. ಈ ಯಾದಿಯನ್ನು ಬರೆದಿಟ್ಟುಕೊಳ್ಳಿ. ಊಟ ಮುಗಿದ ಮೇಲೆ ಯಾವುದು ಉಳಿಯಿತು, ಯಾವುದು ಸಾಲಲಿಲ್ಲ ಎಂದು ಅದರ ಬದಿಗೇ ಗುರುತು ಹಾಕಿ. ಮುಂದಿನ ಕಾರ್ಯಕ್ಕೆ ಅದಕ್ಕಿಂತ ಒಳ್ಳೇ ಲೆಕ್ಕ ಬೇರೊಂದಿಲ್ಲ.